ಪುಂಡಲೀಕ ದ್ವೀಪದಲ್ಲಿ ಮನೆ ನೋಡಿದ್ದು

ಹೂಂಗುಟ್ಟುವವರಿದ್ದರೆ ಮಾತ್ರ ಹೇಳುತ್ತೇನೆ. ನಡುವೆ ತೂಕಡಿಸುವವರು ಈಗಲೇ ಎದ್ದು ಹೋಗಬಹುದು, ನನಗೇನೂ ಸಿಟ್ಟಿಲ್ಲ.

ಗುಳೇದಗುಡ್ಡದಲ್ಲಿ ದುಂಡವ್ವ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಪುಂಡಲೀಕ. ವಯಸ್ಸು ಮೂವತ್ತಾಗಿತ್ತು. ದೇವರು ಬುದ್ಧಿ ಹಂಚಿದ ದಿನ ಇವನು ಎಲ್ಲಿ ಹೋಗಿದ್ದನೋ ಗೊತ್ತಿಲ್ಲ. ಹಾಗಂತ ಸೋಮಾರಿಯಲ್ಲ, ಕಳ್ಳನಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ, ಹೇಳಿದ್ದನ್ನೇ ಮಾಡುತ್ತಿದ್ದ. ಬಾಗಿಲಿಗೆ ಒಂದು ಕಣ್ಣಿಟ್ಟಿರು ಅಂತ ಹೇಳಿ ತಾಯಿ ಸಂತೆಗೆ ಹೋದಳು. ತಿರುಗಿ ಬಂದರೆ ಮಗ ಬಾಗಿಲ ಹಲಗೆಗೆ ಒಂದು ಕಣ್ಣು ಒತ್ತಿಕೊಂಡು ನಿಂತಿದ್ದಾನೆ, ಹಿತ್ತಲಿಂದ ಬಂದ ನಾಯಿ ರೊಟ್ಟಿ ಬುಟ್ಟಿ ಬರಿದು ಮಾಡಿ ಹೋಗಿದೆ.

"ನಾಯಿ ಕಾಣಲಿಲ್ಲೇನೋ ನಿನಗ?"

"ಕಂಡಿತು ಬೇ. ಒಂದು ಕಣ್ಣು ಬಾಗಿಲದಾಗಿತ್ತು, ಇನ್ನೊಂದು ಕಣ್ಣಿಲೆ ನಾಯೀನ ನೋಡಿದೆ. ನಾಯಿ ಬಗ್ಗೆ ನೀ ಏನೂ ಹೇಳಿದ್ದಿಲ್ಲ."

ಇಂಥ ಮಗನನ್ನು ಕಟ್ಟಿಕೊಂಡು ದುಂಡವ್ವ ನೀಲಗಂಗವ್ವನ ಮನೆಯಲ್ಲಿ ಅಡಿಗೆ ಮಾಡುತ್ತಿದ್ದಳು. ನೀಲಗಂಗವ್ವ ಅಂದರೆ ಖಣದ ವ್ಯಾಪಾರದ ಸಾವ್ಕಾರ್ತಿ. ಅವಳ ಅಂಗಡಿಯ ಖಣದ ಕುಪ್ಪಸ ತೊಡದ ಹೆಣ್ಣುಮಗಳು ಆ ಸೀಮೆಯಲ್ಲೇ ಇರಲಿಲ್ಲ. ಅವಳಿಗೆ ಎಪ್ಪತ್ತು ತುಂಬುವ ವರ್ಷ ಬಂತು. ಮಕ್ಕಳು, ಸೊಸೆಯಂದಿರು, ಅಳಿಯಂದಿರು ಸೇರಿ, ಈ ಸಲ ಹುಟ್ಟುಹಬ್ಬ ಊರಲ್ಲಿ ಬೇಡ, ಕೆರಿಬಿಯನ್ ಸಮುದ್ರದ ಒಂದು ದ್ವೀಪದಲ್ಲಿ ಅಂತ ಗೊತ್ತು ಮಾಡಿದರು. ಅದು ಅಮೆರಿಕದ ಕೆಳಗೆಲ್ಲೋ ಇರುವ ಸಣ್ಣ ದ್ವೀಪ. ಹೆಸರು ಸೇಂಟ್ ಏನೋ ಒಂದು, ನನ್ನ ನಾಲಿಗೆಗೆ ಹೊರಳುವುದಿಲ್ಲ, ಬಿಡಿ. ದುಂಡವ್ವನಿಗೆ ಅಷ್ಟೂ ಹೊರಳಲಿಲ್ಲ. ಕೆರಿ ಅಂತೀರಿ, ಸಮುದ್ರ ಅಂತೀರಿ, ಎರಡರಾಗ ಯಾವುದ್ರಿ ಅಂತ ಕೇಳಿದಳು.

ಹೊರಡುವ ಜನ ಹನ್ನೊಂದು. ಹನ್ನೊಂದು ಜನರ ಫೋನಿನಲ್ಲಿ ಹನ್ನೊಂದು ಬಂಗಲೆಯ ಫೋಟೋ. ಇದೇ ಚಂದ, ಅದೇ ಚಂದ ಅಂತ ಮೂರು ದಿನ ಜಗಳ. ಕೊನೆಗೆ ನೀಲಗಂಗವ್ವ ಬಾಯಿ ಬಿಟ್ಟಳು. ಬರೀ ಫೋಟೋ ನೋಡಿ ಯಾರಾದರೂ ಹೆಣ್ಣು ತರುತ್ತಾರೇನು, ಯಾರಾದರೂ ಹೋಗಿ ಕಣ್ಣಾರೆ ಮನೆ ನೋಡಿ ಗೊತ್ತು ಮಾಡಬೇಕು ಅಂದಳು. ಗಂಡುಮಕ್ಕಳಿಗೆ ಅಂಗಡಿ ಬಿಡುವಂತಿಲ್ಲ. ಅಳಿಯಂದಿರು ನಾ ಮುಂದು ತಾ ಮುಂದು ಅಂದರು, ಆದರೆ ಸಾವ್ಕಾರ್ತಿ ಒಪ್ಪಲಿಲ್ಲ. "ಜಾಣ ಹೋದ್ರ ತನಗ ಬೇಕಾದ್ದು ಆರಿಸ್ತಾನ. ಪುಂಡಲೀಕ ಹೋಗ್ಲಿ, ಹೇಳಿದಷ್ಟ ಮಾಡ್ತಾನ" ಅಂದುಬಿಟ್ಟಳು.

ಅಂದು ಅಷ್ಟಕ್ಕೇ ನಿಲ್ಲಿಸಲಿಲ್ಲ. ದುಂಡವ್ವನ ಕಡೆ ತಿರುಗಿ, ನಿನ್ನ ಮಗ ಸರಿಯಾದ ಮನೆ ಗೊತ್ತು ಮಾಡಿದರೆ ನೀನೂ ನಮ್ಮ ಕೂಡ ಬಾ, ಹೊರಗಿನ ಕೂಳು ನನಗೆ ಸೇರುವುದಿಲ್ಲ ಅಂದಳು. ಎಡವಟ್ಟು ಮಾಡಿದರೆ ಇಲ್ಲೇ ಇರು.

ದುಂಡವ್ವನದು ಐವತ್ತೆಂಟು ವರ್ಷದ ಜೀವ. ಮಲಪ್ರಭೆಯ ಹೊಳೆಗಿಂತ ದೊಡ್ಡ ನೀರು ಕಂಡವಳಲ್ಲ. ಒಮ್ಮೆ ಸಮುದ್ರ ನೋಡಬೇಕು ಅನ್ನುವುದು ಅವಳಿಗೆ ಲಗ್ನಕ್ಕಿಂತ ಮೊದಲಿನ ಆಸೆ. ಗಂಡನಿಗೆ ಹೇಳಿದ್ದಳು, ಅವನು ಮುಂದಿನ ವರ್ಷ ಅನ್ನುತ್ತಾ ಅನ್ನುತ್ತಾ ತೀರಿಕೊಂಡ. ಈಗ ಆ ಆಸೆ ಪುಂಡಲೀಕನ ಕೈಯಲ್ಲಿ ಬಿದ್ದಿತ್ತು. ದೇವರಿಗೆ ಬೇರೆ ಕೈ ಸಿಗಲಿಲ್ಲವೇನೋ.

ಹೊರಡುವ ದಿನ ಸಾವ್ಕಾರ್ತಿ ಒಂದೇ ಮಾತು ಹೇಳಿ ಕಳಿಸಿದಳು. ಮನೆ ಎಂಥದಿರಬೇಕೆಂದರೆ, ನೋಡಿದವರು ಬಾಯಿಗೆ ಬೆರಳಿಟ್ಟುಕೊಳ್ಳಬೇಕು. ಪುಂಡಲೀಕ ಆ ಮಾತನ್ನು ವಿಮಾನದ ತುಂಬ ಜಪಿಸುತ್ತಾ ಹೋದ. ಪಕ್ಕದಲ್ಲಿ ಕೂತವರು ಯಾರೋ ಸಾಧು ಅಂದುಕೊಂಡರು.

ದ್ವೀಪದಲ್ಲಿ ಇಳಿದ. ಅವನ ಕೈಗೊಂದು ಫೋನು ಕೊಟ್ಟಿದ್ದರು, ಕನ್ನಡದಲ್ಲಿ ಮಾತಾಡಿದರೆ ಇಂಗ್ಲಿಷಿನಲ್ಲಿ ಹೇಳುವಂಥದು. ತಿರುಗಾಡಿಸಲಿಕ್ಕೆ ಡೆಸ್ಮಂಡ್ ಅಂತ ಒಬ್ಬ ಟ್ಯಾಕ್ಸಿಯವನು. ನೆರೆತ ತಲೆಯ, ತಣ್ಣನೆಯ ಮನುಷ್ಯ. ಅವನು ಮೊದಲು ಗುಡ್ಡದ ಮೇಲಿನ ಬಿಳೀ ಬಂಗಲೆಗೆ ಕರೆದುಕೊಂಡು ಹೋದ. ಏನು ಕೇಳುತ್ತೀರಿ, ಕೋಣೆಗೊಂದು ಈಜುಕೊಳ, ಮಂಚಕ್ಕೊಂದು ಬಿಳೀ ಪರದೆ, ಸ್ನಾನದ ತೊಟ್ಟಿಯಲ್ಲಿ ಕೂತರೆ ಎದುರಿಗೆ ಸಮುದ್ರ. ಪುಂಡಲೀಕ ಅದಾವುದನ್ನೂ ನೋಡಲಿಲ್ಲ. ತೋರಿಸಲು ಬಂದ ಮ್ಯಾನೇಜರನ ಬಾಯಿಯನ್ನೇ ನೋಡುತ್ತಾ ನಡೆದ. ಬಾಯಿಗೆ ಬೆರಳು ಯಾಕೆ ಇಟ್ಟಿಲ್ಲ ಅಂತ ಫೋನಿನಲ್ಲಿ ಕೇಳಿದ. ಮ್ಯಾನೇಜರ ಪಾಪ ಹಲ್ಲು ಕಿರಿದ. ಪುಂಡಲೀಕ ಮಾಲಿಯನ್ನು ನೋಡಿದ, ಅವನ ಬೆರಳು ಮಣ್ಣಿನಲ್ಲಿತ್ತು. ಅಡಿಗೆಯವಳ ಬೆರಳು ಹಿಟ್ಟಿನಲ್ಲಿತ್ತು. ಮನೆ ಬರೋಬ್ಬರಿ ಇಲ್ಲ, ನಡಿ ಅಂದ.

ಕೆಳಗೆ ದಂಡೆಯಲ್ಲಿ ಒಂದು ತಗಡಿನ ಶೆಡ್ಡು. ಅದರ ಮುಂದೆ ಹಲ್ಲುನೋವಿನ ಮುದುಕ ಮೀನುಗಾರನೊಬ್ಬ ದವಡೆ ಒತ್ತಿಕೊಳ್ಳುತ್ತಾ ಕೂತಿದ್ದ. ಬೆರಳು ಪೂರ್ತಿ ಬಾಯಿಯಲ್ಲಿ! ಪುಂಡಲೀಕ ಓಡುತ್ತಿದ್ದ ಟ್ಯಾಕ್ಸಿಯಿಂದಲೇ ಹಾರಿದ. ಒಳಗೆ ಹರಕು ಬಲೆ, ಕೆಟ್ಟ ಎಂಜಿನು, ಮೂರು ಕೋಳಿ. ಎಲ್ಲದರ ಫೋಟೋ ತೆಗೆದು ಸಾವ್ಕಾರ್ತಿಗೆ ಕಳಿಸಿದ. ಮನಿ ಸಿಕ್ಕಿತ್ರಿ ಅಮ್ಮಾರ, ನೋಡಿದಾಂವ ಇನ್ನೂ ಬೆರಳು ತೆಗೆದಿಲ್ಲ ಅಂತ ಫೋನಿಗೆ ಹೇಳಿ ಬರೆಸಿದ.

ಅಲ್ಲಿ ಬೆಳಗಾದರೆ ಇಲ್ಲಿ ಸಂಜೆ. ದುಂಡವ್ವ ಸಂಜೆಯ ರೊಟ್ಟಿ ಬಡಿಯುತ್ತಿದ್ದಾಗಲೇ ಸಾವ್ಕಾರ್ತಿ ಬಂದು ಕೋಳಿಯ ಫೋಟೋ ತೋರಿಸಿದಳು. ದುಂಡವ್ವನ ರೊಟ್ಟಿ ಅರ್ಧಕ್ಕೇ ನಿಂತಿತು. ಹಿಟ್ಟಿನ ಕೈಯಿಂದ ಹಣೆ ಹಣೆ ಬಡಿದುಕೊಂಡಳು, ಹಣೆಯ ತುಂಬ ವಿಭೂತಿ ಬಳಿದಂತಾಯಿತು. ಫೋನು ಹಚ್ಚಿ ಮಗನಿಗೆ ಸಮಾ ಬೈದಳು.

"ಬೆರಳು ಗಿರಳು ಬಿಡೋ ಮೂಳ. ಅಮ್ಮಾರು ಅಲ್ಲಿ ಮೈ ದಣಿಸಬಾರದು. ಕೈಗೊಬ್ಬ ಕಾಲಿಗೊಬ್ಬ ಆಳಿರಬೇಕು, ಅಂಥಾ ಮನಿ ನೋಡು."

"ಹೂಂ ಬೇ. ಕೈಗೊಬ್ಬ, ಕಾಲಿಗೊಬ್ಬ."

ಮರುದಿನ ಡೆಸ್ಮಂಡ್ ಅವನನ್ನು ದೊಡ್ಡದೊಂದು ರೆಸಾರ್ಟಿಗೆ ಕರೆದುಕೊಂಡು ಹೋದ. ಅಲ್ಲಿ ಆಳುಗಳಿಗೆ ಬರವಿಲ್ಲ. ಪುಂಡಲೀಕ ಕೊಳದ ದಂಡೆಯ ಉದ್ದ ಕುರ್ಚಿಯಲ್ಲಿ ಮಲಗಿ, ಕೈಗೊಬ್ಬ ಕಾಲಿಗೊಬ್ಬ ಬನ್ನಿ ಅಂದ. ಇಬ್ಬರು ಬಂದರು. ಅತಿಥಿಗೆ ಇಲ್ಲ ಅನ್ನಬಾರದು ಅಂತ ಕಲಿತ ಜನ. ಒಬ್ಬ ಕೈ ಹಿಡಿದುಕೊಂಡ, ಒಬ್ಬ ಕಾಲು ಹಿಡಿದುಕೊಂಡ. ಪುಂಡಲೀಕ ಸ್ವಲ್ಪ ಹೊತ್ತು ಮಲಗಿ ನೋಡಿದ. ಆಮೇಲೆ, ಈ ಕೈಗೆ ಯಾರು, ಈ ಕಾಲಿಗೆ ಯಾರು ಅಂದ. ಮತ್ತಿಬ್ಬರು ಬಂದರು. ಆಗ ಅವನಿಗೆ ನಿಜವಾದ ಲೆಕ್ಕ ಹೊಳೆಯಿತು. ಬರುವ ಜನ ಹನ್ನೊಂದು, ಇಪ್ಪತ್ತೆರಡು ಕೈ, ಇಪ್ಪತ್ತೆರಡು ಕಾಲು. ಎಲ್ಲರನ್ನೂ ಕರೆಯಿರಿ ಅಂದ. ಅಡಿಗೆಯವರು, ಮಾಲಿಗಳು, ಡೋಲು ಬಾರಿಸುವವರು, ಈಜು ಕಲಿಸುವವನು, ಸಾಲಾಗಿ ನಿಂತರು. ಮ್ಯಾನೇಜರನನ್ನೂ ಸೇರಿಸಿ ಎಣಿಸಿದರೆ ನಲವತ್ಮೂರು. ಡೆಸ್ಮಂಡನನ್ನು ನೋಡಿದ. ಡೆಸ್ಮಂಡ್ ಟ್ಯಾಕ್ಸಿ ಒಳಗೆ ಕೂತು ಗಾಜು ಏರಿಸಿದ.

ಸಂಜೆ ದುಂಡವ್ವನ ರೊಟ್ಟಿಯ ಹೊತ್ತಿಗೆ ಫೋನು ಬಂತು. "ಎಲ್ಲಾ ಚಲೋ ಇತ್ತು ಬೇ. ಆದ್ರ ಅಮ್ಮಾರ ಎಡಗಾಲು ಹಿಡಿಯಾಕ ಮಂದಿ ಸಾಲಲಿಲ್ಲ. ಬ್ಯಾಡ ಅಂತ ಬಂದೆ."

ರೊಟ್ಟಿ ನಿಂತಿತು, ಹಣೆಗೆ ಹಿಟ್ಟು ಬಿತ್ತು. ಎಡಗಾಲು ಗಿಡಗಾಲು ಬಿಡು ಅಂತ ಬೈದಳು. ಅಮ್ಮಾರಿಗೆ ನಡುನೋವು, ಮೊದಲು ಹಾಸಿಗೆ ನೋಡು ಅಂದಳು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಮಗ ಎಲ್ಲಿ ಅರಮನೆಯನ್ನೇ ಹಿಡಿದುಬಿಡುತ್ತಾನೋ ಅಂತ ಹೆದರಿ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಗಾದಿ ಮಾತು ಮರೀಬ್ಯಾಡ ಅಂತ ಬೇರೆ ಸೇರಿಸಿದಳು. ಇದು ಅವಳದೇ ತಪ್ಪು. ನಾನು ಯಾರ ಪರವೂ ಅಲ್ಲ.

ಮೂರನೆಯ ಮನೆ ದಂಡೆಯ ಮೇಲೆಯೇ ಇತ್ತು. ಅಲ್ಲಿಯ ಮಂಚ ನಾಲ್ಕು ಜನ ಉರುಳಾಡುವಂಥದು. ಪುಂಡಲೀಕ ಮಲಗಿ ಕಾಲು ಚಾಚಿದ. ಕಾಲು ಹಾಸಿಗೆಯ ನಡುವೆಯೇ ಮುಗಿಯಿತು. ಕೆಳಗೆ ಸರಿದ, ಕಾಲು ತುದಿ ಮುಟ್ಟಿತು, ತಲೆಯ ಕಡೆ ಖಾಲಿಯಾಯಿತು. ಮೇಲೆ ಸರಿದ, ಕಾಲ ಕಡೆ ಖಾಲಿಯಾಯಿತು. ಎರಡೂ ಕೈಯಿಂದ ಮಂಚದ ತಲೆಗಂಬ ಹಿಡಿದುಕೊಂಡು, ಕಾಲು ಎಳಿ ಅಂತ ಡೆಸ್ಮಂಡನಿಗೆ ಹೇಳಿದ. ಡೆಸ್ಮಂಡ್ ಬೇಜಾರಿನಿಂದಲೇ ಎಳೆದ. ಕಾಲು ಉದ್ದವಾಗಲಿಲ್ಲ, ಕಂಬ ಕಿತ್ತು ಬಂತು. ಪರದೆ ಸಮೇತ ಇಬ್ಬರೂ ನೆಲಕ್ಕೆ. ಮನೆಯ ಒಡತಿ ಪೊರಕೆ ಹಿಡಿದು ಬಂದಳು, ಅದಕ್ಕೆ ಫೋನಿನ ಅನುವಾದ ಬೇಕಾಗಲಿಲ್ಲ.

ಅಷ್ಟರಲ್ಲಿ ಗುರುವಾರ. ಶನಿವಾರ ಎಲ್ಲರ ವಿಮಾನ. ಮಂಚ ಮುರಿದ ಸುದ್ದಿ ಕೇಳಿ ದುಂಡವ್ವ ಹಣೆ ಬಡಿದುಕೊಳ್ಳಲು ಎತ್ತಿದ ಕೈ ಹಾಗೇ ಇಳಿಸಿದಳು. ಆ ದಿನದ ರೊಟ್ಟಿ ಸೀದವು.

ಆದರೆ ಡೆಸ್ಮಂಡನಿಗೂ ಸಾಕಾಗಿತ್ತು. ಅವನು ಪುಂಡಲೀಕನನ್ನು ಏನೂ ಕೇಳದೆ ಊರಿನ ಕೊನೆಗೆ, ಸಮುದ್ರದೊಳಗೆ ಮೂಗು ಚಾಚಿದ ಗುಡ್ಡದ ಮೇಲಿನ ಹಳದಿ ಬಂಗಲೆಗೆ ಕರೆದುಕೊಂಡು ಹೋದ. ಆರು ಕೋಣೆ, ಸುತ್ತಲೂ ಪಡಸಾಲೆ, ಮೂರು ಕಡೆ ನೀಲಿ ನೀರು. ನಾನು ಏನು ನೋಡಲಿ ಅಂತ ಪುಂಡಲೀಕ ಕೇಳಿದ. ಏನೂ ನೋಡಬೇಡ ಅಂದ ಡೆಸ್ಮಂಡ್. ಪುಂಡಲೀಕ ಕಣ್ಣು ಮುಚ್ಚಿಕೊಂಡು ನಿಂತ. ಅದೇ ಅವನು ಮಾಡಿದ ಒಳ್ಳೆಯ ಕೆಲಸ. ಡೆಸ್ಮಂಡನೇ ಮಾತಾಡಿದ, ಡೆಸ್ಮಂಡನೇ ಫೋಟೋ ತೆಗೆದ. ಹತ್ತು ದಿನದ ಕರಾರು ಎದುರಿಗಿದ್ದ ಪುಂಡಲೀಕನ ಹೆಸರಿನಲ್ಲಾಯಿತು, ಬೀಗದ ಕೈ ಅವನ ಕೈಗೆ ಬಂತು. ಗುಳೇದಗುಡ್ಡದಲ್ಲಿ ಫೋಟೋ ನೋಡಿದ ಹಿರಿಸೊಸೆ ಬಾಯಿಗೆ ಬೆರಳಿಟ್ಟುಕೊಂಡಳು.

ದುಂಡವ್ವನಿಗೆ ಕುಣಿಯುವುದೊಂದು ಬಾಕಿ. ಬಂಗಲೆ ಗುಡಿಸಿ ಒರೆಸಿಡು ಅಂತ ಮಗನಿಗೆ ಹೇಳಿ, ಊರ ಮಂದಿ ಹೊಕ್ಕು ಹೊಲಸು ಮಾಡಿಯಾರೆಂದು ಇನ್ನೊಂದು ಮಾತು ಸೇರಿಸಿದಳು. "ನಾ ಬಂದು, ನನ್ನ ಕಣ್ಣಿಲೆ ನೋಡಿ, ಹೂಂ ಅನ್ನೂಮಟಾ ಒಳಗ ಯಾರನ್ನೂ ಬಿಡಬ್ಯಾಡ. ಯಾರಂದ್ರ ಯಾರನ್ನೂ."

"ಹೂಂ ಬೇ. ಯಾರಂದ್ರ ಯಾರನ್ನೂ."

ದುಂಡವ್ವ ಜೋಳದ ಹಿಟ್ಟು, ಶೇಂಗಾ ಹಿಂಡಿ, ಇದ್ದೊಂದು ಹೊಸ ಸೀರೆ ಚೀಲಕ್ಕೆ ತುಂಬಿದಳು. ಶುಕ್ರವಾರ ಸಾವ್ಕಾರ್ತಿ ಕರೆದು ತಣ್ಣಗೆ ಹೇಳಿದಳು. ಮನೆ ಗೊತ್ತು ಮಾಡಿದ್ದು ನಿನ್ನ ಮಗನಲ್ಲ, ಟ್ಯಾಕ್ಸಿಯವನು. ನಾನು ಹೇಳಿದ್ದು ನಿನ್ನ ಮಗ ಗೊತ್ತು ಮಾಡಿದರೆ ಅಂತ. ಮಾತಂದರೆ ಮಾತು. ನೋಡಿ, ಪೆದ್ದ ಮಾತಿನ ಅಕ್ಷರ ಹಿಡಿದರೆ ನಗುತ್ತೇವೆ, ಸಾವ್ಕಾರ್ತಿ ಹಿಡಿದರೆ ನ್ಯಾಯ ಅನ್ನುತ್ತೇವೆ. ದುಂಡವ್ವ ಮನೆಗೆ ಬಂದು ಚೀಲ ಬರಿದು ಮಾಡಿದಳು, ಹಿಟ್ಟು ಡಬ್ಬಿಗೆ ಸುರಿದಳು, ಸೀರೆ ಮಡಿಚುವಾಗ ಅತ್ತಳು. ಮಗನಿಗೆ ಫೋನು ಮಾಡಲು ಮನಸ್ಸಾಗಲಿಲ್ಲ.

ಹನ್ನೊಂದು ಜನ, ಇಪ್ಪತ್ತು ಪೆಟ್ಟಿಗೆ ಬಂಗಲೆಯ ಮುಂದೆ ಇಳಿದವು. ಬಾಗಿಲಿಗೆ ಒಳಗಿನಿಂದ ಅಗಳಿ. ಕಿಟಕಿಯಲ್ಲಿ ಪುಂಡಲೀಕನ ಮುಖ ಕಾಣಿಸಿತು.

"ಬಾಗಲಾ ತೆಗಿಯೋ."

"ಶರಣ್ರಿ ಅಮ್ಮಾರ. ಅವ್ವ ಎಲ್ಲಿ?"

ಅವ್ವ ಬಂದಿಲ್ಲ, ಬರುವುದೂ ಇಲ್ಲ ಅಂದಳು ಸಾವ್ಕಾರ್ತಿ. ಹಾಗಾದರೆ ಬಾಗಿಲೂ ಇಲ್ಲ ಅಂದ ಪುಂಡಲೀಕ. ಗಂಡುಮಕ್ಕಳು ಗದರಿಸಿದರು. ಅಳಿಯಂದಿರು ಪುಸಲಾಯಿಸಿದರು. ಸೊಸೆಯೊಬ್ಬಳು ಅತ್ತು ನೋಡಿದಳು. ಪುಂಡಲೀಕ ಎಲ್ಲರಿಗೂ ಕೈಮುಗಿದ, ಅಗಳಿ ಮಾತ್ರ ಮುಟ್ಟಲಿಲ್ಲ. ಬೇರೆ ಕಡೆ ಹೋಗೋಣವೆಂದರೆ, ದ್ವೀಪದ ಬಂಗಲೆಯವರೆಲ್ಲ ಪುಂಡಲೀಕನ ಮಂದಿ ಅಂದ ಕೂಡಲೆ ಗೇಟು ಹಾಕಿಕೊಂಡರು. ಪೊಲೀಸರು ಬಂದರು, ಕರಾರು ಓದಿದರು, ಮನೆ ಅವನ ಹೆಸರಿನಲ್ಲಿದೆ ಅಂತ ಹೇಳಿ ಹೋದರು. ಸಾವ್ಕಾರ್ತಿ ಬೇರೆ ದಾರಿ ಕಾಣದೆ ದುಂಡವ್ವನಿಗೆ ಫೋನು ಮಾಡಿದಳು. ದುಂಡವ್ವ ಗಾಬರಿಯಾಗಿ ಅಲ್ಲಿಂದಲೇ ಕೂಗಿದಳು.

"ಪುಂಡಲೀಕಾ, ತೆಗಿಯೋ ಬಾಗಲಾ. ಹೂಂ ಅಂತೀನಿ, ತೆಗಿ."

"ಬರೇ ಹೂಂ ಅಂದ್ರ ನಡ್ಯೂದಿಲ್ಲ ಬೇ. ನಾ ಬಂದು, ನನ್ನ ಕಣ್ಣಿಲೆ ನೋಡಿ ಅಂದಿದ್ದಿ. ನೀ ಬಂದಿಲ್ಲ, ನೋಡಿಲ್ಲ. ಮೂರರಾಗ ಒಂದ ಆತು."

ಫೋನಿನ ಈ ಕಡೆ ದುಂಡವ್ವ ಹಣೆ ಬಡಿದುಕೊಂಡ ಸಪ್ಪಳ ಆ ಕಡೆಗೂ ಕೇಳಿಸಿತು. ಹನ್ನೊಂದು ಜನ ಪಡಸಾಲೆಯಲ್ಲಿ ಪೆಟ್ಟಿಗೆಗಳ ಮೇಲೆ ಕೂತರು. ಡೆಸ್ಮಂಡ್ ತಂದುಕೊಟ್ಟ ಬ್ರೆಡ್ಡು, ಬಾಳೆಹಣ್ಣು ತಿಂದರು. ನೀಲಗಂಗವ್ವ ತನ್ನ ಎಪ್ಪತ್ತನೆಯ ಹುಟ್ಟುಹಬ್ಬದ ದಿನ ಕೈಯಲ್ಲಿದ್ದ ಬಾಳೆಹಣ್ಣಿನ ಸಿಪ್ಪೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನಕ್ಕಳು. "ಪುರಾಣದಾಗಿನ ಆ ಪುಂಡಲೀಕ ಅವ್ವ ಅಪ್ಪನ ಸೇವಾದ ಸಲುವಾಗಿ ದೇವರನ್ನ ಇಟ್ಟಿಗಿ ಮ್ಯಾಲ ನಿಲ್ಲಿಸಿದ. ಈ ಪುಂಡಲೀಕ ನಮ್ಮನ್ನ ಪೆಟ್ಟಿಗಿ ಮ್ಯಾಲ ಕುಂಡ್ರಿಸಿದ. ತಪ್ಪು ನಂದು. ಅಕೀಗೆ ಟಿಕೀಟು ಕಳಿಸ್ರಿ."

ಮೂರನೆಯ ದಿನ ಮಧ್ಯಾಹ್ನ ಡೆಸ್ಮಂಡನ ಟ್ಯಾಕ್ಸಿಯಿಂದ ದುಂಡವ್ವ ಇಳಿದಳು. ಬಗಲಲ್ಲಿ ಜೋಳದ ಹಿಟ್ಟಿನ ಚೀಲ, ಮುಖದ ತುಂಬ ಸೆರಗು. ದಾರಿಯುದ್ದಕ್ಕೂ ಸಮುದ್ರವಿತ್ತು, ಅವಳು ನೋಡಿರಲಿಲ್ಲ. ಮೊದಲು ಹೇಳಿದ ಕೆಲಸ, ಆಮೇಲೆ ಸಮುದ್ರ, ಇಲ್ಲದಿದ್ದರೆ ಕಾಲು ಅಲ್ಲೇ ನಿಂತುಬಿಡುತ್ತವೆ ಅಂತ ಸೆರಗು ಎಳೆದುಕೊಂಡೇ ಬಂದಿದ್ದಳು. ಪುಂಡಲೀಕ ಅವಳೊಬ್ಬಳಿಗೆ ಬಾಗಿಲು ತೆಗೆದು ಮತ್ತೆ ಹಾಕಿದ. ಅವಳು ಆರೂ ಕೋಣೆ ನೋಡಿದಳು, ಹಾಸಿಗೆ ಒತ್ತಿ ನೋಡಿದಳು, ಒಲೆ ಹೊತ್ತಿಸಿ ನೋಡಿದಳು. ಕೊನೆಗೆ ಹೂಂ ಅಂದಳು. ಬಾಗಿಲು ತೆರೆಯಿತು. ಹನ್ನೊಂದು ಜನ ಒಳಗೆ ನುಗ್ಗಿ, ಸಿಕ್ಕ ಸಿಕ್ಕ ಮಂಚದ ಮೇಲೆ ಬಿದ್ದರು.

ದುಂಡವ್ವ ಒಬ್ಬಳೇ ಗುಡ್ಡ ಇಳಿದು ಮರಳಿನ ಮೇಲೆ ಕೂತಳು. ಮಗ ಹಿಂದೆಯೇ ಬಂದ. "ನಾ ಈಗ ಕಣ್ತುಂಬ ಸಮುದ್ರ ನೋಡ್ತೀನಿ" ಅಂತ ಹೇಳಿ ಸೆರಗು ಸರಿಸಿದಳು. ಕಂಡಿತು. ಅಷ್ಟು ನೀರು, ಅಷ್ಟು ನೀಲಿ, ಆಚೆ ದಂಡೆಯೇ ಇಲ್ಲ.

ಪುಂಡಲೀಕ ಓಡಿಹೋಗಿ ಬಕೀಟು ತಂದ. ಸಮುದ್ರದಲ್ಲಿ ಅದ್ದಿದ, ತಂದು ಅವ್ವನ ಎರಡೂ ತೆರೆದ ಕಣ್ಣಿಗೆ ಸುರಿದ.

"ತುಂಬಿದವೇನು ಬೇ?"

ದುಂಡವ್ವ ಕೆಮ್ಮಿದಳು, ಉಗುಳಿದಳು, ಕಣ್ಣುಜ್ಜಿಕೊಂಡಳು. ಹೊಡೆಯಲು ಕೈಯೆತ್ತಿದಳು, ಮಗ ಎಲ್ಲಿದ್ದಾನೆಂದು ಕಾಣಲಿಲ್ಲ. ತುಟಿಯ ಮೇಲೆ ನಿಂತ ನೀರು ನಾಲಿಗೆಗೆ ತಾಗಿತು. ನಲವತ್ತು ವರ್ಷ ಅಡಿಗೆ ಮಾಡಿದ ನಾಲಿಗೆ, ಸುಮ್ಮನಿರಲಿಲ್ಲ.

"ಅಯ್ಯ ಇದರ, ಉಪ್ಪು ಭಾಳ ಆಗೇತಲ್ಲೋ."

"ಉಪ್ಪು ಭಾಳ ಆದ್ರ ಏನು ಮಾಡಬೇಕು ಬೇ?"

ಅಭ್ಯಾಸಬಲ, ನೀರು ಬೆರೆಸಬೇಕು ಅಂದುಬಿಟ್ಟಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಪುಂಡಲೀಕ ಆಗಲೇ ಗುಡ್ಡ ಹತ್ತಿದ್ದ. ಬಂಗಲೆಯ ನಳದಿಂದ ಸಿಹಿನೀರಿನ ಬಕೀಟು ಹೊತ್ತು ಬಂದು ಸಮುದ್ರಕ್ಕೆ ಸುರಿದ. ಕೈಯಿಂದ ಕಲಕಿದ. ಈಗ ನೋಡು ಬೇ ಅಂದ. ದುಂಡವ್ವ ಬೈಯಲು ಬಾಯಿ ತೆರೆದಳು. ಮಗನ ಮುಖ ನೋಡಿದಳು, ಅವನ ಹಿಂದಿದ್ದ ಸಮುದ್ರ ನೋಡಿದಳು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು.

"ಇನ್ನೊಂದೀಟು ಬೇಕು ನೋಡು" ಅಂದಳು.

ಅವನು ಓಡಿದ. ಅವಳು ಕಾಲು ನೀಡಿ ಕೂತಳು. ಅವನು ಸುರಿದಾಗೊಮ್ಮೆ ರುಚಿ ನೋಡುವುದು, ಇನ್ನೊಂದೀಟು ಅನ್ನುವುದು, ಮತ್ತೆ ಸಮುದ್ರ ನೋಡುತ್ತಾ ಕೂಡುವುದು. ಹೊತ್ತು ಇಳಿಯಿತು. ಮೇಲೆ ಪಡಸಾಲೆಯಿಂದ ನೀಲಗಂಗವ್ವ, ದುಂಡವ್ವಾ, ರೊಟ್ಟಿಗೆ ಯಾವಾಗ ಬರ್ತಿ ಅಂತ ಕೂಗಿದಳು.

"ಹುಡುಗ ಉಪ್ಪು ಸರಿ ಮಾಡಾಕ ಹತ್ಯಾನ್ರಿ ಅಮ್ಮಾರ" ಅಂದಳು ದುಂಡವ್ವ, ತಿರುಗಿ ನೋಡದೆ. "ಆದ ಕೂಡಲೆ ಬರ್ತೀನಿ."